ಔಷಧದ ಮಟ್ಟವನ್ನು ಅಳೆದು ನೋಡುವ ವಿವೇಕ

ಪ್ರತಿ ವರ್ಷ ಆಷಾಢದಲ್ಲಿ ಮಹಾಬಳೇಶ್ವರದ ಘಟ್ಟಗಳಲ್ಲಿ ಮಳೆ ಹಿಡಿಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ರೈತಬಾಂಧವರು ದಿನಪತ್ರಿಕೆಯಲ್ಲಿ ಮೊದಲು ಹುಡುಕುವುದು ಒಂದು ಅಂಕಿಯನ್ನು. ಅದು ಆಲಮಟ್ಟಿ ಜಲಾಶಯದ ಇಂದಿನ ಮಟ್ಟ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಅಣೆಕಟ್ಟೆಯ ಈಗಿನ ಗರಿಷ್ಠ ಮಟ್ಟ 519.60 ಮೀಟರ್ ಎಂಬುದನ್ನು ನಮ್ಮಲ್ಲಿ ಶಾಲೆಯ ಮಕ್ಕಳೂ ಬಲ್ಲರು. ಮಟ್ಟ ತೀರ ಇಳಿದರೆ ಕಾಲುವೆ ಒಣಗುತ್ತದೆ. ಮೀರಿ ಏರಿದರೆ ಹಿನ್ನೀರಿನ ಹಳ್ಳಿಗಳ ಎದೆ ಢವಗುಟ್ಟುತ್ತದೆ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಎಷ್ಟು ಗೇಟು ತೆರೆದಿದ್ದಾರೆ ಎಂಬುದೇ ಆ ದಿನಗಳಲ್ಲಿ ಚಹಾದಂಗಡಿಯ ಮಾತು. ಮಟ್ಟ ಎಂಬ ಶಬ್ದದ ಅರ್ಥವನ್ನು ನಮ್ಮ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ಅದೇ ಜನರಲ್ಲಿ ಹಲವರು ವರ್ಷಗಟ್ಟಲೆ ದಿನವೂ ಮಾತ್ರೆ ನುಂಗುತ್ತಾರೆ. ಎಷ್ಟು ಮಿಲಿಗ್ರಾಂ ಎಂದು ಕೇಳಿದರೆ ಚೀಟಿ ತೆಗೆದು ತೋರಿಸುತ್ತಾರೆ. ಅದರಲ್ಲಿ ಎಷ್ಟು ಭಾಗ ನಿಮ್ಮ ರಕ್ತದಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ. ಎಷ್ಟೋ ಸಲ ವೈದ್ಯರ ಬಳಿಯೂ ಇರುವುದಿಲ್ಲ. ಚೀಟಿಯಲ್ಲಿ ಬರೆದಿರುವುದು ಒಳಹರಿವು ಮಾತ್ರ. ಜಲಾಶಯದ ಮಟ್ಟವನ್ನು ಅಳೆಯದೆ ಒಳಹರಿವಿನ ಲೆಕ್ಕವೊಂದನ್ನೇ ನಂಬಿ ಗೇಟು ಎತ್ತುವ ಎಂಜಿನಿಯರನನ್ನು ನಾವು ಒಪ್ಪುವೆವೇ? ನಮ್ಮ ದೇಹದ ವಿಷಯದಲ್ಲಿ ಮಾತ್ರ ಅದನ್ನು ಏಕೆ ಒಪ್ಪಿಕೊಂಡಿದ್ದೇವೆ? ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಈ ಪ್ರಶ್ನೆಯನ್ನು ಸದ್ಭಕ್ತರ ಮುಂದೆ ಇಡಬಯಸುತ್ತೇವೆ.

ಕುಡಿಯದವನು ಕುಡುಕನೆನಿಸಿಕೊಂಡದ್ದು

ಶ್ರೀಮಠದ ಆವರಣದಲ್ಲಿ ನಡೆಯುವ ಆರೋಗ್ಯ ಶಿಬಿರಕ್ಕೆ ಆಲಮಟ್ಟಿ ಸಮೀಪದ ಪುನರ್ವಸತಿ ಗ್ರಾಮದ ತರುಣನೊಬ್ಬನನ್ನು ಅವನ ತಾಯಿ ಕರೆತಂದಿದ್ದರು. ಚಿಕ್ಕಂದಿನಿಂದ ಅವನಿಗೆ ಮೂರ್ಛೆರೋಗ. ಫೆನಿಟಾಯಿನ್ ಎಂಬ ಹಳೆಯ, ಅಗ್ಗದ, ಒಳ್ಳೆಯ ಔಷಧ ದಿನಕ್ಕೆ 300 ಮಿಲಿಗ್ರಾಂ ನಡೆದಿತ್ತು. ದುಡಿಯಲು ಊರು ಬಿಟ್ಟು ಹೋಗಿದ್ದಾಗ ಕೆಲವು ದಿನ ಮಾತ್ರೆ ತಪ್ಪಿ, ಒಂದು ಬಾರಿ ಮೂರ್ಛೆ ಬಂದಿತು. ಮಾತ್ರೆ ತಪ್ಪಿದ ಸಂಗತಿಯನ್ನು ಅವನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಔಷಧ ಸಾಲದೆಂದು ಬಗೆದು 400 ಮಿಲಿಗ್ರಾಂಗೆ ಏರಿಸಲಾಯಿತು. ಹೆದರಿದ ತಾಯಿ ಈಗ ಒಂದು ದಿನವೂ ತಪ್ಪದಂತೆ ತಾವೇ ಕೈಯಾರೆ ಕೊಡತೊಡಗಿದರು.

ಮೂರು ನಾಲ್ಕು ವಾರಗಳಲ್ಲಿ ಅವನ ನಡೆ ತೂರಾಡತೊಡಗಿತು. ನಾಲಿಗೆ ತೊದಲಿತು. ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಅದುರಿದವು. ಊರವರು ತಮಗೆ ತಿಳಿದ ಅರ್ಥವನ್ನೇ ಮಾಡಿದರು: ಹುಡುಗ ಕುಡಿತ ಕಲಿತಿದ್ದಾನೆ. ಕೂಲಿಗೆ ಕರೆಯುವುದು ನಿಂತಿತು. ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಮಾತು ಹಿಂತೆಗೆದುಕೊಂಡರು. ಹನಿ ಮದ್ಯ ಸೋಕದ ಮನೆಯಲ್ಲಿ ತಂದೆಯೇ ಮಗನನ್ನು ಹೊಡೆದರು. ಶಿಬಿರದಲ್ಲಿದ್ದ ವೈದ್ಯರು ಅವನ ಕಣ್ಣನ್ನು ನೋಡಿ, ಮಾತ್ರೆಯ ಚೀಟಿ ನೋಡಿ, ರಕ್ತದ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರು. ಕೆಲವು ದಿನಗಳ ನಂತರ ಉತ್ತರ ಬಂದಿತು. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ 10ರಿಂದ 20 ಮೈಕ್ರೋಗ್ರಾಂ ಇರಬೇಕಾದ ಔಷಧ 30ನ್ನು ದಾಟಿತ್ತು. ಪ್ರಮಾಣವನ್ನು ತಗ್ಗಿಸಿದ ಮೇಲೆ ಹುಡುಗ ನೆಟ್ಟಗೆ ನಡೆದ. ಗಟ್ಟಿಯಾದ ಸಂಬಂಧ ಮಾತ್ರ ಮರಳಿ ಬರಲಿಲ್ಲ.

ಈ ಪ್ರಸಂಗದಲ್ಲಿ ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಪ್ರಮಾಣ ಏರಿಸಿದವರು ಒಳ್ಳೆಯದನ್ನೇ ಬಯಸಿದ್ದರು. ತಾಯಿ ತಪ್ಪದೆ ಮಾತ್ರೆ ಕೊಟ್ಟದ್ದು ಸರಿಯೇ. ಆದರೆ ಏರಿಸುವ ಮೊದಲು ಮಟ್ಟವನ್ನು ಅಳೆದಿದ್ದರೆ, ಕೊರತೆ ಇದ್ದುದು ಔಷಧದ ಪ್ರಮಾಣದಲ್ಲಲ್ಲ, ಅದನ್ನು ಸೇವಿಸಿದ ಕ್ರಮದಲ್ಲಿ ಎಂಬುದು ಆಗಲೇ ತಿಳಿಯುತ್ತಿತ್ತು.

ಗೇಟುಗಳ ಲೆಕ್ಕ

ಮೂರನೆಯ ಒಂದು ಭಾಗ ಔಷಧ ಹೆಚ್ಚಿಸಿದರೆ ರಕ್ತದಲ್ಲಿಯೂ ಮೂರನೆಯ ಒಂದು ಭಾಗ ತಾನೇ ಹೆಚ್ಚಾಗಬೇಕು ಎಂದು ಸದ್ಭಕ್ತರು ಕೇಳಬಹುದು. ಬಹಳಷ್ಟು ಔಷಧಗಳಲ್ಲಿ ಹಾಗೆಯೇ ಆಗುತ್ತದೆ. ಫೆನಿಟಾಯಿನ್‌ನಲ್ಲಿ ಹಾಗಲ್ಲ. ಏಕೆಂಬುದನ್ನು ಆಲಮಟ್ಟಿಯ ಜನಕ್ಕೆ ವಿವರಿಸುವುದು ಸುಲಭ.

ನಾವು ನುಂಗಿದ ಔಷಧ ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಇದು ಒಳಹರಿವು. ಯಕೃತ್ತು ಅದನ್ನು ಒಡೆದು ಹಾಕುತ್ತದೆ, ಮೂತ್ರಪಿಂಡ ಹೊರಗೆ ಸಾಗಿಸುತ್ತದೆ, ಇದು ಹೊರಹರಿವು. ಇವೆರಡೂ ಸಮವಾದಾಗ ಮಟ್ಟ ಸ್ಥಿರವಾಗುತ್ತದೆ. ಯಕೃತ್ತಿನಲ್ಲಿ ಔಷಧವನ್ನು ಒಡೆಯುವ ಕಿಣ್ವಗಳೇ ಗೇಟುಗಳು. ಆಲಮಟ್ಟಿಯಲ್ಲಿ 26 ಗೇಟುಗಳಿವೆ. ನೀರು ಹೆಚ್ಚಿದಂತೆ ಒಂದೊಂದಾಗಿ ತೆರೆಯುತ್ತಾ ಹೋಗಬಹುದು. ಆದರೆ ಎಲ್ಲ ಗೇಟುಗಳೂ ಪೂರ್ತಿ ತೆರೆದ ಮೇಲೆ ಮತ್ತಷ್ಟು ನೀರು ಬಂದರೆ? ಬಂದದ್ದೆಲ್ಲ ಒಳಗೇ ನಿಂತು ಮಟ್ಟ ಸರಸರನೆ ಏರುತ್ತದೆ. ಫೆನಿಟಾಯಿನ್ ಅನ್ನು ಒಡೆಯುವ ಗೇಟುಗಳು ಸಾಮಾನ್ಯ ಪ್ರಮಾಣದಲ್ಲಿಯೇ ಹೆಚ್ಚುಕಡಿಮೆ ತುಂಬಿ ಹರಿಯುತ್ತಿರುತ್ತವೆ. ಅಲ್ಲಿಂದ ಮುಂದೆ ಅಲ್ಪ ಏರಿಕೆಯೂ ರಕ್ತದ ಮಟ್ಟವನ್ನು ಇಮ್ಮಡಿಗೊಳಿಸಬಲ್ಲದು. ಗೇಟುಗಳ ಸಾಮರ್ಥ್ಯವೂ ಹುಟ್ಟಿನಿಂದಲೇ ಒಬ್ಬರಂತೆ ಒಬ್ಬರಿಗಿಲ್ಲ. ಆದ್ದರಿಂದ ಒಂದೇ ಮನೆಯ ಅಣ್ಣನಿಗೆ ಸರಿಹೋದ ಪ್ರಮಾಣ ತಮ್ಮನಿಗೆ ವಿಷವಾಗಬಹುದು.

ಒಂದು ಔಷಧ ಇನ್ನೊಂದರ ಗೇಟನ್ನು ಮುಚ್ಚುವುದೂ ಉಂಟು, ಹೆಚ್ಚು ಗೇಟು ತೆರೆಸುವುದೂ ಉಂಟು. ಕ್ಷಯರೋಗದ ಚಿಕಿತ್ಸೆಯನ್ನೇ ನೋಡಿ. ಅದರಲ್ಲಿ ಐಸೋನಿಯಜಿಡ್ ಎಂಬ ಔಷಧ ಫೆನಿಟಾಯಿನ್‌ನ ಗೇಟನ್ನು ಮುಚ್ಚುತ್ತದೆ. ಜೊತೆಗೆ ಕೊಡುವ ರಿಫಾಂಪಿಸಿನ್ ಗೇಟುಗಳನ್ನು ಹೆಚ್ಚಿಸುತ್ತದೆ. ಮೂರ್ಛೆರೋಗವಿದ್ದವರಿಗೆ ಕ್ಷಯವೂ ತಗುಲಿ ಈ ಎರಡೂ ಒಟ್ಟಿಗೆ ಸೇರಿದಾಗ ಯಾರಲ್ಲಿ ಯಾವುದು ಮೇಲುಗೈ ಆಗುವುದೆಂದು ಮುಖ ನೋಡಿ ಹೇಳಲಾಗದು, ಅಳೆದೇ ತಿಳಿಯಬೇಕು. ಕ್ಷಯದ ಚಿಕಿತ್ಸೆ ಮುಗಿದು ಆ ಮಾತ್ರೆಗಳು ನಿಂತಾಗ ಮಟ್ಟ ಮತ್ತೆ ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು.

ಮಾತ್ರೆಯ ಒಳಗಿನ ನಿರುಪದ್ರವಿ ಪುಡಿ ಕೂಡ ಮಟ್ಟವನ್ನು ಬದಲಿಸಿದ ಉದಾಹರಣೆಯುಂಟು. 1968ರ ಸುಮಾರಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಫೆನಿಟಾಯಿನ್ ಸೇವಿಸುತ್ತಿದ್ದ ಅನೇಕ ರೋಗಿಗಳು ಒಮ್ಮೆಲೇ ತೂರಾಡತೊಡಗಿದರು. ಪ್ರಮಾಣ ಹಿಂದಿನಷ್ಟೇ ಇತ್ತು. ರಕ್ತವನ್ನು ಪರೀಕ್ಷಿಸಿ ಬೆನ್ನು ಹತ್ತಿದಾಗ, ಕ್ಯಾಪ್ಸೂಲ್ ತುಂಬಲು ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸ್ ಸಕ್ಕರೆಯನ್ನು ಸೇರಿಸಿದ್ದು ತಿಳಿಯಿತು. ಹಳೆಯ ಪುಡಿ ಔಷಧವನ್ನು ಪೂರ್ತಿ ರಕ್ತಕ್ಕೆ ಸೇರಗೊಡುತ್ತಿರಲಿಲ್ಲ. ಹೊಸದು ಆ ತಡೆಯನ್ನು ತೆಗೆದುಹಾಕಿತ್ತು. ಕಡಿಮೆ ಬೆಲೆಯ ಜನೌಷಧಿ ಕಳಪೆಯೆಂದು ಇದರ ಅರ್ಥವಲ್ಲ. ಮೂರ್ಛೆರೋಗದ ಮಾತ್ರೆಯನ್ನು ಯಾವುದೇ ತಯಾರಕರದಾಗಲಿ ಒಂದನ್ನೇ ಹಿಡಿದು ನಡೆಸಬೇಕು, ಬದಲಿಸುವಾಗ ವೈದ್ಯರಿಗೆ ತಿಳಿಸಬೇಕು ಎಂಬುದಷ್ಟೇ ಇದರ ಪಾಠ.

ಅಳೆಯುವ ಬಗೆ

ಅಕ್ಕಿಯ ರಾಶಿಯಲ್ಲಿ ಬೆರೆತ ಒಂದು ಚಿಟಿಕೆ ಸಾಸಿವೆಯನ್ನು ಬೇರ್ಪಡಿಸಿ ಎಣಿಸಬಹುದು. ಆದರೆ ಉಪ್ಪು, ಸಕ್ಕರೆ, ಕೊಬ್ಬು, ಪ್ರೋಟೀನು, ರಸದೂತಗಳು ಎಂದು ಸಹಸ್ರಾರು ವಸ್ತುಗಳು ಕರಗಿರುವ ರಕ್ತದಲ್ಲಿ ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗವನ್ನು ಹುಡುಕುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯವೇ ದ್ರವ ಕ್ರೊಮ್ಯಾಟೋಗ್ರಫಿ. ಕನ್ನಡದಲ್ಲಿ ವರ್ಣಲೇಖನ ಎನ್ನಬಹುದು. ಆ ಹೆಸರಿಗೆ ಕಾರಣವಿದೆ. 1903ರಲ್ಲಿ ವಾರ್ಸಾ ನಗರದಲ್ಲಿದ್ದ ರಷ್ಯನ್ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ಸ್ವೆಟ್ ಎಂಬವರು ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಇಳಿಯಬಿಟ್ಟರು. ಒಂದೇ ಹಸಿರೆಂದು ಕಂಡದ್ದು ಹಸಿರು, ಹಳದಿ ಪಟ್ಟೆಗಳಾಗಿ ಬೇರೆ ಬೇರೆ ನಿಂತಿತು. ಮುಂದೆ ಈ ತತ್ವವನ್ನು ಬೆಳೆಸಿದ ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹೆಚ್ಚಿನ ಒತ್ತಡದಲ್ಲಿ ದ್ರವವನ್ನು ನೂಕುವ ಯಂತ್ರಗಳು 1960ರ ದಶಕದಲ್ಲಿ ರೂಪುಗೊಂಡವು.

ಅದರ ಕೆಲಸವನ್ನು ತಿಳಿಯಲು ಜಾತ್ರೆಯ ಬೀದಿಯನ್ನು ನೆನೆಯಬೇಕು. ಬೀದಿಯ ತುದಿಯಲ್ಲಿ ನೂರು ಜನ ಒಟ್ಟಿಗೆ ಒಳಹೊಕ್ಕರೆಂದು ಭಾವಿಸಿ. ದರ್ಶನವೊಂದನ್ನೇ ಬಯಸಿದ ವೃದ್ಧರು ಎಲ್ಲಿಯೂ ನಿಲ್ಲದೆ ನಡೆಯುತ್ತಾರೆ. ಹೆಣ್ಣುಮಕ್ಕಳು ಬಳೆಯಂಗಡಿಯಲ್ಲಿ ನಿಂತು ಮುಂದುವರಿಯುತ್ತಾರೆ. ಮಕ್ಕಳು ಬೆಂಡು ಬತ್ತಾಸಿನ ಪ್ರತಿ ಅಂಗಡಿಯಲ್ಲಿಯೂ ತಡೆಯುತ್ತಾರೆ. ಒಟ್ಟಿಗೆ ಹೊಕ್ಕವರು ಬೀದಿಯ ಕೊನೆಗೆ ಗುಂಪು ಗುಂಪಾಗಿ, ಬೇರೆ ಬೇರೆ ಹೊತ್ತಿಗೆ ಹೊರಬರುತ್ತಾರೆ. ಹೊರಬಾಗಿಲಲ್ಲಿ ನಿಂತವನು ಇಂತಿಷ್ಟು ನಿಮಿಷಕ್ಕೆ ಬರುವವರು ಇಂಥವರೆಂದು ಗುರುತಿಸಿ ಎಣಿಸಬಲ್ಲನು.

ಯಂತ್ರದಲ್ಲಿ ಆ ಬೀದಿಯೆಂದರೆ ಒಂದು ಉಕ್ಕಿನ ಕೊಳವೆ. ಸಾಮಾನ್ಯವಾಗಿ 15ರಿಂದ 25 ಸೆಂಟಿಮೀಟರ್ ಉದ್ದ, ಒಳಗಿನ ಅಗಲ 4.6 ಮಿಲಿಮೀಟರ್. ಅದರೊಳಗೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಅಥವಾ ಐದು ಭಾಗದಷ್ಟು ಸಣ್ಣ ಸಿಲಿಕಾ ಕಣಗಳನ್ನು ಬಿಗಿಯಾಗಿ ತುಂಬಿರುತ್ತಾರೆ. ಕಣಗಳ ಮೇಲೆ ಎಣ್ಣೆಯ ಗುಣದ ಒಂದು ಲೇಪವಿರುತ್ತದೆ. ಮೊದಲು ರಕ್ತವನ್ನು ಗಿರ್ರನೆ ತಿರುಗಿಸಿ ಕೆಂಪು ಕಣಗಳನ್ನು ತೆಗೆಯುತ್ತಾರೆ; ಮೆಥನಾಲ್ ಅಥವಾ ಅಸಿಟೋನೈಟ್ರೈಲ್ ಬೆರೆಸಿ ಪ್ರೋಟೀನನ್ನು ಗಟ್ಟಿಯಾಗಿಸಿ ಬೇರ್ಪಡಿಸುತ್ತಾರೆ. ಉಳಿದ ತಿಳಿಯನ್ನು ಕೊಳವೆಯೊಳಗೆ ಸೇರಿಸಿ ವಾಯುಮಂಡಲದ ನೂರಾರು ಪಟ್ಟು ಒತ್ತಡದಿಂದ ದ್ರಾವಕವನ್ನು ನೂಕುತ್ತಾರೆ. ಎಣ್ಣೆಯ ಲೇಪಕ್ಕೆ ಹೆಚ್ಚು ಅಂಟುವ ವಸ್ತು ತಡವಾಗಿ, ಅಂಟದ ವಸ್ತು ಬೇಗನೆ ಹೊರಬರುತ್ತದೆ. ಬಾಗಿಲಲ್ಲಿ ನೇರಳಾತೀತ ಬೆಳಕಿನ ಕಣ್ಣೊಂದು ಕಾದಿರುತ್ತದೆ. ಪ್ರತಿ ವಸ್ತು ಹಾದಾಗಲೂ ತೆರೆಯ ಮೇಲೆ ಒಂದು ಶಿಖರ ಮೂಡುತ್ತದೆ. ಶಿಖರ ಮೂಡಿದ ಹೊತ್ತು ಯಾವ ಔಷಧವೆಂದು ಹೇಳಿದರೆ, ಶಿಖರದ ವಿಸ್ತಾರ ಎಷ್ಟೆಂದು ಹೇಳುತ್ತದೆ. ಪ್ರಮಾಣ ತಿಳಿದಿರುವ ಶುದ್ಧ ಔಷಧವನ್ನು ಹಾಯಿಸಿ ಬಂದ ಶಿಖರದೊಡನೆ ಹೋಲಿಸಿ ಲೆಕ್ಕ ಮಾಡುತ್ತಾರೆ. ಇನ್ನೂ ಸೂಕ್ಷ್ಮವಾದ ಯಂತ್ರಗಳಲ್ಲಿ ಬೆಳಕಿನ ಬದಲು ಅಣುವಿನ ತೂಕವನ್ನೇ ನೋಡುವ ಮಾಸ್ ಸ್ಪೆಕ್ಟ್ರೋಮೀಟರ್ ಇರುತ್ತದೆ. ಮೂತ್ರಪಿಂಡ ಕಸಿಯಾದವರು ಸೇವಿಸುವ ಟ್ಯಾಕ್ರೋಲಿಮಸ್‌ನಂತಹ, ಅತಿ ಕಡಿಮೆ ಮಟ್ಟದಲ್ಲಿ ಕೆಲಸ ಮಾಡುವ ಔಷಧಗಳಿಗೆ ಅದು ಯೋಗ್ಯ.

ಮಟ್ಟವನ್ನು ಅಳೆಯಲು ಇದೊಂದೇ ದಾರಿಯಲ್ಲ. ಪ್ರತಿಕಾಯಗಳನ್ನು ಬಳಸುವ ಸುಲಭ ಪರೀಕ್ಷೆಗಳೂ ಇವೆ. ಅವು ಬೇಗ ಮುಗಿಯುತ್ತವೆ. ಆದರೆ ಕೆಲವೊಮ್ಮೆ ಅವು ಔಷಧವನ್ನೂ ಅದು ಒಡೆದು ಆದ ತುಣುಕುಗಳನ್ನೂ ಒಂದೇ ಎಂದು ಎಣಿಸಿಬಿಡುತ್ತವೆ. ಕ್ರೊಮ್ಯಾಟೋಗ್ರಫಿ ಮೂರು ನಾಲ್ಕು ಮೂರ್ಛೆ ಔಷಧಗಳನ್ನು ಒಂದೇ ಓಟದಲ್ಲಿ ಬೇರೆ ಬೇರೆಯಾಗಿ ಹೇಳಬಲ್ಲದು. ರಕ್ತವಲ್ಲದೆ ಜೊಲ್ಲಿನಲ್ಲಿಯೂ ಫೆನಿಟಾಯಿನ್, ಕಾರ್ಬಮಜೆಪಿನ್ ಮೊದಲಾದವನ್ನು ಅಳೆಯಬಹುದು. ಸೂಜಿಗೆ ಅಂಜುವ ಮಕ್ಕಳಿಗೆ ಇದು ಅನುಕೂಲ. ಮೂತ್ರದಲ್ಲಿ ಔಷಧ ದೇಹವನ್ನು ಹೊಕ್ಕಿತ್ತೇ ಎಂಬುದು ತಿಳಿಯುತ್ತದೆಯೇ ಹೊರತು ರಕ್ತದ ಮಟ್ಟ ತಿಳಿಯದು.

ಯಾರಿಗೆ ಬೇಕು, ಯಾರಿಗೆ ಬೇಡ

ಇಷ್ಟು ಓದಿದವರು ಎಲ್ಲರೂ ಎಲ್ಲ ಔಷಧಗಳ ಮಟ್ಟವನ್ನೂ ಅಳೆಯಿಸಬೇಕೆಂದು ತಿಳಿಯಬಾರದು. ರಕ್ತದೊತ್ತಡದ ಮಾತ್ರೆ ಸೇವಿಸುವವರಿಗೆ ಒತ್ತಡವನ್ನು ಅಳೆದರೆ ಸಾಕು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯನ್ನು ಅಳೆದರೆ ಸಾಕು. ಪರಿಣಾಮವೇ ಕಣ್ಣಿಗೆ ಕಾಣುವಾಗ ಔಷಧವನ್ನು ಹುಡುಕುವುದೇಕೆ? ಮೂರ್ಛೆ ಬಾರದೆ, ತೊಂದರೆಯೂ ಇಲ್ಲದೆ ಸುಖವಾಗಿರುವವರಿಗೂ ಪದೇ ಪದೇ ಅಳೆಯುವುದರಿಂದ ಲಾಭವಿಲ್ಲ. ಉಪಯುಕ್ತವಲ್ಲದ ಪರೀಕ್ಷೆಯನ್ನು ಮಾಡಿಸಿ ಬಡವರ ಜೇಬು ಖಾಲಿಮಾಡುವುದು ಸೇವೆಯಲ್ಲ.

ಗುಣಕ್ಕೂ ವಿಷಕ್ಕೂ ನಡುವಣ ಅಂತರ ಕಿರಿದಾಗಿರುವ ಔಷಧಗಳಿಗೆ ಮಾತ್ರ ಈ ಪರೀಕ್ಷೆ ಬೇಕು. ಅವುಗಳಲ್ಲಿಯೂ ಕಾರಣವಿದ್ದಾಗ ಮಾತ್ರ: ತಪ್ಪದೆ ಸೇವಿಸಿದರೂ ಮೂರ್ಛೆ ಮರುಕಳಿಸಿದಾಗ, ತೂರಾಟ, ತೊದಲು, ಮಂಪರು ಕಂಡಾಗ, ಗರ್ಭಿಣಿಯಾದಾಗ, ಏಕೆಂದರೆ ಲ್ಯಾಮೋಟ್ರಿಜಿನ್‌ನಂತಹ ಔಷಧದ ಮಟ್ಟ ಆಗ ಇಳಿಯುತ್ತದೆ, ಯಕೃತ್ತು, ಮೂತ್ರಪಿಂಡ ಕೆಟ್ಟಾಗ, ಹೊಸ ಔಷಧವೊಂದು ಜೊತೆಗೂಡಿದಾಗ. ಮನೋವ್ಯಾಧಿಗೆ ಲಿಥಿಯಂ ಸೇವಿಸುವವರಿಗೆ ಬೇರೆ ಬಗೆಯ ಯಂತ್ರದಿಂದ ನಿಯಮಿತವಾಗಿಯೇ ಅಳೆಯಬೇಕು. ನಮ್ಮ ಜಿಲ್ಲೆಯ ಬೇಸಿಗೆಯ ಬಿಸಿಲಿನಲ್ಲಿ ಬೆವರಿ ನೀರು ಬತ್ತಿದಾಗ, ಉಪ್ಪು ಬಿಟ್ಟಾಗ ಅದರ ಮಟ್ಟ ಅಪಾಯಕ್ಕೇರುತ್ತದೆ.

ಬಂದ ಅಂಕಿಯನ್ನು ಅರ್ಥೈಸುವುದಕ್ಕೂ ವಿವೇಕ ಬೇಕು. ಮಾತ್ರೆ ನುಂಗಿದ ಕೂಡಲೇ ರಕ್ತ ತೆಗೆದರೆ ಮಟ್ಟ ಹೆಚ್ಚಾಗಿ ಕಾಣಬಹುದು. ಆದ್ದರಿಂದ ಸಾಮಾನ್ಯವಾಗಿ ಮುಂದಿನ ಮಾತ್ರೆಗೆ ಮೊದಲು ತೆಗೆಯುತ್ತಾರೆ. ಪ್ರಮಾಣ ಬದಲಿಸಿದ ಮರುದಿನವೇ ಅಳೆದರೂ ಪ್ರಯೋಜನವಿಲ್ಲ. ಫಿನೋಬಾರ್ಬಿಟಾಲ್‌ನಂತಹ ನಿಧಾನ ಔಷಧದ ಮಟ್ಟ ನೆಲೆನಿಲ್ಲಲು ಎರಡು ಮೂರು ವಾರ ಬೇಕು. ಫೆನಿಟಾಯಿನ್‌ನ ಹತ್ತರಲ್ಲಿ ಒಂಬತ್ತು ಭಾಗ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು ಉಳಿದ ಒಂದು ಭಾಗ. ಅಪೌಷ್ಟಿಕತೆಯಿಂದ ಅಲ್ಬುಮಿನ್ ಕುಂದಿದವರಲ್ಲಿ ಒಟ್ಟು ಅಂಕಿ ಕಡಿಮೆ ಕಂಡರೂ ಕೆಲಸ ಮಾಡುವ ಭಾಗ ಹೆಚ್ಚಾಗಿರಬಹುದು. ಆದ್ದರಿಂದ ಅಂಕಿಯನ್ನು ಕಂಡು ರೋಗಿಯನ್ನು ಮರೆಯಬಾರದು. ಚಿಕಿತ್ಸೆ ಬೇಕಾದದ್ದು ಕಾಗದಕ್ಕಲ್ಲ, ಮನುಷ್ಯನಿಗೆ.

ಅಂಕಿಯು ಆರೋಪಪಟ್ಟಿಯಲ್ಲ

ಮತ್ತೊಂದು ಪ್ರಸಂಗ. ಮದುವೆಯಾಗಿ ಆರು ತಿಂಗಳಾದ ಹೆಣ್ಣುಮಗಳೊಬ್ಬಳಿಗೆ ನಿಂತುಹೋಗಿದ್ದ ಮೂರ್ಛೆ ಮತ್ತೆ ಕಾಣಿಸಿಕೊಂಡಿತು. ಔಷಧ ಬಲಹೀನವಾಯಿತೆಂದು ಎಲ್ಲರೂ ತಿಳಿದರು. ರಕ್ತದಲ್ಲಿ ನೋಡಿದರೆ ಔಷಧದ ಶಿಖರವೇ ಇರಲಿಲ್ಲ. ವಿಚಾರಿಸಿದಾಗ ಅವಳು ಅತ್ತುಬಿಟ್ಟಳು. ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದ್ದರು. ಅತ್ತೆಯ ಮನೆಯಲ್ಲಿ ಮಾತ್ರೆಯ ಪಟ್ಟಿ ಕಂಡರೆ ಏನಾದೀತೋ ಎಂಬ ಅಂಜಿಕೆಯಿಂದ ಅವಳು ಎಲ್ಲವನ್ನೂ ಬಿಟ್ಟಿದ್ದಳು.

ಯಂತ್ರ ನಿಜವನ್ನು ಹೇಳಿತು. ಆ ನಿಜವನ್ನು ಹಿಡಿದು ಅವಳನ್ನು ಗದರಿಸಿದ್ದರೆ ಅವಳು ಮತ್ತೊಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ವೈದ್ಯರು ಹಾಗೆ ಮಾಡದೆ ಗಂಡನನ್ನು ಬೇರೆಯಾಗಿ ಕೂರಿಸಿಕೊಂಡು, ಅವಳ ಒಪ್ಪಿಗೆಯಿಂದ, ರೋಗವೆಂದರೇನೆಂದು ತಿಳಿಹೇಳಿದರು. ಶೂನ್ಯವೆಂದು ಬಂದ ಅಂಕಿ ಆಕೆಯ ತಪ್ಪಿನ ಸಾಕ್ಷಿಯಾಗಿರಲಿಲ್ಲ. ಆಕೆಯನ್ನು ಅಂಜಿಸಿಟ್ಟ ಸಮಾಜದ ತಪ್ಪಿನ ಸಾಕ್ಷಿಯಾಗಿತ್ತು. ಮೂರ್ಛೆರೋಗ ಶಾಪವಲ್ಲ, ಗಾಳಿಯಲ್ಲ, ಪೂರ್ವಕರ್ಮವಲ್ಲ. ಮೆದುಳಿನ ವಿದ್ಯುತ್ ಚಟುವಟಿಕೆಯಲ್ಲಿ ಆಗುವ ಏರುಪೇರು. ಅದನ್ನು ಮುಚ್ಚಿಡದೆ ಹೇಳುವ ಧೈರ್ಯವನ್ನು ಕೊಡುವುದು ಬೀಗರಾಗಲಿರುವವರ, ನೆರೆಹೊರೆಯವರ, ನಮ್ಮೆಲ್ಲರ ಹೊಣೆ.

ಉಪವಾಸದ ದಿನಗಳ ಬಗೆಗೂ ಒಂದು ಮಾತು. ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಭಕ್ತಿಯಿಂದ ಉಪವಾಸವಿರುವವರಲ್ಲಿ ಕೆಲವರು ಮಾತ್ರೆಯನ್ನೂ ಬಿಡುತ್ತಾರೆ. ಜಾತ್ರೆಯ ಜಾಗರಣೆ, ನಿದ್ರೆಗೇಡು, ತಪ್ಪಿದ ಮಾತ್ರೆ ಮೂರೂ ಕೂಡಿದರೆ ಮೂರ್ಛೆಗೆ ತಾನಾಗಿ ದಾರಿ ತೆರೆಯುತ್ತದೆ. ಗುಟುಕು ನೀರಿನೊಡನೆ ಔಷಧ ಸೇವಿಸಿದರೆ ವ್ರತ ಕೆಡುವುದಿಲ್ಲ. ದೇಹವನ್ನು ಕಾಪಾಡಿಕೊಳ್ಳುವುದೂ ಭಕ್ತಿಯ ಭಾಗವೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಆಗಬೇಕಾದುದು

ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗದಲ್ಲಿ ನಿಮ್ಹಾನ್ಸ್ ತಜ್ಞರು ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು ಒಂಬತ್ತು ಜನರಲ್ಲಿ ಮೂರ್ಛೆರೋಗ ಕಂಡುಬಂದಿತು. ಹಳ್ಳಿಗಳಲ್ಲಿ ಪಟ್ಟಣಕ್ಕಿಂತ ಹೆಚ್ಚು. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ. ಎಸ್. ಮಣಿ ಅವರು ನಡೆಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಂತಹ ಹಳೆಯ ಅಗ್ಗದ ಔಷಧಗಳಿಂದಲೇ ಹಳ್ಳಿಯ ರೋಗಿಗಳ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ಅದು ತೋರಿಸಿತು. ಹಳೆಯ ಔಷಧಗಳೇ ನಮ್ಮ ಬಡವರ ಆಧಾರವೆಂದಾದರೆ, ಅವುಗಳ ಮಟ್ಟವನ್ನು ಅಳೆಯುವ ಅನುಕೂಲವೂ ಬಡವರ ಹತ್ತಿರಕ್ಕೆ ಬರಬೇಕು. ಏಕೆಂದರೆ ಅಳತೆ ಹೆಚ್ಚಾಗಿ ಬೇಕಾಗುವುದು ಈ ಹಳೆಯ ಔಷಧಗಳಿಗೇ.

ಆಲಮಟ್ಟಿಯಿಂದ ಬೆಂಗಳೂರು ನಾನೂರಕ್ಕೂ ಹೆಚ್ಚು ಕಿಲೋಮೀಟರ್. ಒಂದು ರಾತ್ರಿಯ ರೈಲು ಪ್ರಯಾಣ, ಜೊತೆಗೊಬ್ಬರು, ಎರಡು ದಿನದ ಕೂಲಿ ನಷ್ಟ. ಇಷ್ಟೆಲ್ಲ ಒಂದು ಅಂಕಿಗಾಗಿ. ರೋಗಿ ಪ್ರಯಾಣ ಮಾಡುವುದೇಕೆ, ರಕ್ತವೇ ಪ್ರಯಾಣ ಮಾಡಲಿ ಎಂಬುದು ನಮ್ಮ ವಾದ. ತಾಲ್ಲೂಕು ಆಸ್ಪತ್ರೆಯಲ್ಲಿ ಸರಿಯಾದ ಹೊತ್ತಿಗೆ ಮಾದರಿ ತೆಗೆದು, ತಣ್ಣಗಿಟ್ಟು, ಜಿಲ್ಲಾ ಕೇಂದ್ರಕ್ಕೆ ಕಳಿಸುವುದು ಕಷ್ಟದ ಕೆಲಸವಲ್ಲ. ಶೋಧಕಾಗದದ ಮೇಲೆ ಒಣಗಿಸಿದ ಒಂದು ಹನಿ ರಕ್ತವನ್ನು ಅಂಚೆಯಲ್ಲಿ ಕಳಿಸುವ ವಿಧಾನವೂ ಇದೆ. ನವಜಾತ ಶಿಶುಗಳ ಪರೀಕ್ಷೆಯಲ್ಲಿ ಅದು 1960ರ ದಶಕದಿಂದ ಬಳಕೆಯಲ್ಲಿದೆ.

ಯಂತ್ರ ಎಲ್ಲಿಂದ ಬರಬೇಕು? ವಿಜಯಪುರದಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಡಾ. ಫ. ಗು. ಹಳಕಟ್ಟಿಯವರಂತಹ ಹಿರಿಯರ ಶ್ರಮದಿಂದ 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ ಇಂದು ವೈದ್ಯಕೀಯ ವಿಶ್ವವಿದ್ಯಾಲಯವನ್ನೇ ನಡೆಸುತ್ತಿದೆ. ಔಷಧಶಾಸ್ತ್ರ ಕಾಲೇಜುಗಳಲ್ಲಿ ಪಾಠಕ್ಕೂ ಸಂಶೋಧನೆಗೂ ಕ್ರೊಮ್ಯಾಟೋಗ್ರಫಿ ಯಂತ್ರವನ್ನು ಬಳಸುವುದು ಸಾಮಾನ್ಯ. ಪಾಠದ ಯಂತ್ರವನ್ನು ಹಾಗೆಯೇ ರೋಗಿಯ ಸೇವೆಗೆ ಹಚ್ಚಲಾಗದು ಎಂಬುದನ್ನು ಬಲ್ಲೆವು. ದಿನವೂ ಗುಣಮಟ್ಟದ ಪರೀಕ್ಷೆ, ತರಬೇತಿ ಪಡೆದ ತಂತ್ರಜ್ಞರು, ಹೊರಗಿನ ಮಾನ್ಯತೆ, ಶುದ್ಧ ದ್ರಾವಕಗಳ ಖರ್ಚು ಇವೆಲ್ಲ ಬೇಕು. ತಪ್ಪು ಅಂಕಿ ಅಂಕಿಯೇ ಇಲ್ಲದುದಕ್ಕಿಂತ ಕೆಡುಕು. ಆದರೆ ವಾರಕ್ಕೆ ಎರಡು ದಿನ, ಮೂರು ನಾಲ್ಕು ಮೂರ್ಛೆ ಔಷಧಗಳಿಗಷ್ಟೇ ಎಂದು ಆರಂಭಿಸಿದರೂ ಇಂಡಿಯಿಂದ ಮುದ್ದೇಬಿಹಾಳದವರೆಗಿನ ಜನಕ್ಕೆ ದೊಡ್ಡ ಉಪಕಾರವಾದೀತು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಈ ಸೇವೆಗೂ ಸ್ಥಾನ ದೊರೆಯಬೇಕೆಂದು ನಾವು ಒತ್ತಾಯಿಸುತ್ತೇವೆ.

ಭಕ್ತರಿಗೂ ಇದರಲ್ಲಿ ಪಾಲಿದೆ. ದಾಸೋಹವೆಂದರೆ ಅನ್ನವೊಂದೇ ಅಲ್ಲ. ಮಗನ ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯಸ್ಮರಣೆಗೆ ಒಬ್ಬ ಬಡ ರೋಗಿಯ ಪರೀಕ್ಷೆಯ ವೆಚ್ಚವನ್ನು ವಹಿಸಿಕೊಳ್ಳುವುದೂ ದಾಸೋಹವೇ. ಕರ್ನಾಟಕದ ಗಾಂಧಿ ಎನಿಸಿದ ಹರ್ಡೇಕರ ಮಂಜಪ್ಪನವರು ತಮ್ಮ ಸೇವೆಯ ನೆಲೆಯಾಗಿ ಆರಿಸಿಕೊಂಡದ್ದು ದೊಡ್ಡ ಪಟ್ಟಣವನ್ನಲ್ಲ, ಅಣೆಕಟ್ಟೆಯ ಹೆಸರೂ ಇರದಿದ್ದ ಕಾಲದ ಆಲಮಟ್ಟಿಯನ್ನು. ಒಳ್ಳೆಯದು ಪಟ್ಟಣದಲ್ಲಿಯೇ ಆರಂಭವಾಗಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಕೊನೆಯದಾಗಿ ಓದುಗರಲ್ಲಿ ನಮ್ಮ ವಿನಂತಿ. ಈ ಲೇಖನ ಓದಿ ಯಾರೂ ತಾವಾಗಿಯೇ ಮಾತ್ರೆಯನ್ನು ಹೆಚ್ಚಿಸಬಾರದು, ತಗ್ಗಿಸಬಾರದು, ನಿಲ್ಲಿಸಲಂತೂ ಬಾರದು. ಮೂರ್ಛೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಬೆನ್ನಿಗೊಂದು ಮೂರ್ಛೆ ಬಂದು ಪ್ರಾಣಕ್ಕೇ ಎರವಾಗಬಹುದು. ಮಾತ್ರೆ ತಪ್ಪಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿರಿ. ಸೇವಿಸುವ ಎಲ್ಲ ಔಷಧಗಳನ್ನು, ನಾಟಿ ಔಷಧವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿರಿ. ಪ್ರಮಾಣ ಬದಲಿಸುವ ಮಾತು ಬಂದಾಗ ಮಟ್ಟ ನೋಡುವುದು ಒಳ್ಳೆಯದೇ ಎಂದು ವಿನಯದಿಂದ ಕೇಳಿರಿ. ಒಳ್ಳೆಯ ವೈದ್ಯರು ಅದಕ್ಕೆ ಮುನಿಯುವುದಿಲ್ಲ. ಬೀದಿಯಲ್ಲಿ ತೂರಾಡುವವನನ್ನು ಕಂಡಾಗ ಕುಡುಕನೆಂದು ಬೈಯುವ ಮುನ್ನ, ಅವನು ಯಾವುದಾದರೂ ಔಷಧ ಸೇವಿಸುತ್ತಿರುವನೇ ಎಂದು ಒಮ್ಮೆ ವಿಚಾರಿಸಿರಿ.

ಜಲಾಶಯದ ಮಟ್ಟಕ್ಕಾಗಿ ದಿನವೂ ಕಾತರಿಸುವ ನಾವು ನಮ್ಮವರ ರಕ್ತದೊಳಗಿನ ಮಟ್ಟದ ಬಗೆಗೂ ಅಷ್ಟೇ ಎಚ್ಚರವಾಗಿರೋಣ.